ಮೀಟರಿಗೊಂದು ಸೆಂಟಿಮೀಟರ್: ನಮ್ಮ ರೈಲನ್ನು ನಾವೇ ಕಟ್ಟುವ ಹವ್ಯಾಸ

2025ರ ಮೇ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯ ಕುಷ್ಟಗಿಗೆ ಪ್ರಯಾಣಿಕರ ರೈಲು ಬಂತು. ಗದಗ–ವಾಡಿ ಹೊಸ ಮಾರ್ಗದ ತಳಕಲ್–ಕುಷ್ಟಗಿ ಭಾಗ ಉದ್ಘಾಟನೆಗೊಂಡು, ಯಲಬುರ್ಗಾ, ಕುಕನೂರು ದಾಟಿ ಹುಬ್ಬಳ್ಳಿಗೆ ನೇರ ಗಾಡಿ ಶುರುವಾಯಿತು. ಅಲ್ಲಿಯವರೆಗೆ ರೈಲು ಹತ್ತಬೇಕೆಂದರೆ ಮೊದಲು ಬಸ್ ಹತ್ತಿ ಕೊಪ್ಪಳಕ್ಕೋ ಗದಗಕ್ಕೋ ಹೋಗಬೇಕಿತ್ತು. ಅತ್ತ ಗಂಗಾವತಿಯೂ ಇಂಥದ್ದೇ ದಾರಿ ಕಾದ ಊರು. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗದಲ್ಲಿ ಅಲ್ಲಿಗೆ ಗಾಡಿ ಮುಟ್ಟುವ ಹೊತ್ತಿಗೆ ಎರಡು ದಶಕ ಕಳೆದಿದ್ದವು.

ರೈಲನ್ನು ಹುಟ್ಟಿದಾಗಿನಿಂದ ಕಂಡವರು ಅದನ್ನು ನೋಡುವುದನ್ನೇ ಬಿಟ್ಟಿರುತ್ತಾರೆ. ಹೊಸದಾಗಿ ಕಂಡವರು ಹಾಗಲ್ಲ. ಗಾಲಿ ಎಷ್ಟು, ಡಬ್ಬಿ ಎಷ್ಟು, ಒಂದಕ್ಕೊಂದು ಹೇಗೆ ಕೊಂಡಿ ಹಾಕಿಕೊಂಡಿವೆ, ಬಾಗಿಲ ಪಕ್ಕದ ಅಂಕಿಗಳು ಏನು ಹೇಳುತ್ತವೆ ಎಂದು ಕೇಳುತ್ತಾರೆ. ಆ ಕುತೂಹಲ ಬಿಸಿಯಾಗಿರುವ ಈ ಹೊತ್ತಿನಲ್ಲೇ ನಮ್ಮ ಭಾಗದ ಮಕ್ಕಳ, ಮೇಷ್ಟ್ರುಗಳ, ಕುಶಲಕರ್ಮಿಗಳ ಮುಂದೆ ಒಂದು ಹವ್ಯಾಸವನ್ನು ಇಡಬೇಕೆನಿಸುತ್ತದೆ. ರೈಲಿನ ಡಬ್ಬಿ, ವ್ಯಾಗನ್‌ಗಳನ್ನು ಅಳತೆ ತಪ್ಪದೆ ಕಿರಿದಾಗಿಸಿ ಕೈಯಾರೆ ಕಟ್ಟುವ ಹವ್ಯಾಸ ಅದು. ಯುರೋಪು, ಅಮೆರಿಕಗಳಲ್ಲಿ ಇದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ನಮಗೆ ಇದರ ಪಾಠ ಸಿಗುವುದು ಮಾತ್ರ ಅಲ್ಲಿನ ದೊಡ್ಡ ದೇಶಗಳಿಂದಲ್ಲ, ಐರ್ಲೆಂಡ್ ಎಂಬ ಪುಟ್ಟ ದೇಶದಿಂದ.

ಯಾರೂ ಮಾಡಿಕೊಡದ ರೈಲು

ಹಳಿಗಳ ನಡುವಿನ ಅಂತರ, ಅಂದರೆ ಗೇಜ್, ಎಲ್ಲ ದೇಶದಲ್ಲೂ ಒಂದೇ ಅಲ್ಲ. ಬ್ರಿಟನ್ ಮತ್ತು ಯುರೋಪಿನ ಬಹುಭಾಗದಲ್ಲಿ ಅದು 1435 ಮಿಲಿಮೀಟರ್. ಐರ್ಲೆಂಡಿನಲ್ಲಿ 1600. ಭಾರತದ ಬ್ರಾಡ್‌ಗೇಜ್ 1676. ಜಗತ್ತಿನ ಮಾದರಿ ರೈಲು ಕಂಪನಿಗಳು ಹಳಿಗಳನ್ನು ತಯಾರಿಸಿದ್ದು ದೊಡ್ಡ ಮಾರುಕಟ್ಟೆಯಿದ್ದ 1435ರ ಅಳತೆಯನ್ನು ನೆಚ್ಚಿಕೊಂಡು. ಅದನ್ನು 87 ಪಟ್ಟು ಕಿರಿದಾಗಿಸಿದರೆ 16.5 ಮಿಲಿಮೀಟರ್ ಆಗುತ್ತದೆ. ಎಚ್‌ಒ ಎಂಬ ಹೆಸರಿನಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಬಿಕರಿಯಾಗುವ ಹಳಿ ಇದೇ.

ಬ್ರಿಟನ್ನಿನ ಎಂಜಿನ್‌ಗಳು ಗಾತ್ರದಲ್ಲಿ ಚಿಕ್ಕವು. ಹಿಂದಿನ ಕಾಲದ ವಿದ್ಯುತ್ ಮೋಟರು ಅಷ್ಟು ಸಣ್ಣ ಒಡಲೊಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಅಲ್ಲಿನವರು ಹಳಿಯನ್ನು 16.5ರಲ್ಲೇ ಉಳಿಸಿಕೊಂಡು ಗಾಡಿಯನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡಿ 1:76ರ ಪ್ರಮಾಣಕ್ಕೆ ಹೋದರು. ಐರ್ಲೆಂಡಿನ ಹವ್ಯಾಸಿಗಳಿಗೆ ಅದೇ ಗಂಟುಬಿತ್ತು. 1:76ರಲ್ಲಿ ಅವರ ಹಳಿ 21 ಮಿಲಿಮೀಟರ್ ಇರಬೇಕು. ಅಂಗಡಿಯಲ್ಲಿ ಸಿಗುತ್ತಿದ್ದದ್ದು 16.5. ಅಗಲ ಮೈಯ ಬಂಡಿಗೆ ಗಿಡ್ಡ ಅಚ್ಚು ಹಾಕಿದಂತೆ ಕಾಣುತ್ತಿತ್ತು ಅವರ ರೈಲು. ಡಬ್ಬಿಗಳದ್ದೂ ಅದೇ ಕಥೆ. ಸುಮಾರು ಅರ್ಧ ಕೋಟಿ ಜನರ ದೇಶಕ್ಕೆಂದು ಯಾವ ದೊಡ್ಡ ಕಂಪನಿ ಅಚ್ಚು ಕೊರೆಸೀತು? ಬ್ರಿಟಿಷ್ ಡಬ್ಬಿಗಳನ್ನು ಕೊಂಡು ಐರಿಷ್ ಬಣ್ಣ ಬಳಿದು ತೃಪ್ತಿಪಟ್ಟುಕೊಂಡವರೇ ಬಹಳ ಮಂದಿ.

ಎಲ್ಲರೂ ಅಷ್ಟಕ್ಕೇ ನಿಲ್ಲಲಿಲ್ಲ. ಡಬ್ಲಿನ್‌ನ ಇಂಚಿಕೋರ್ ರೈಲ್ವೆ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದ್ದ ಸಿರಿಲ್ ಫ್ರೈ ತನ್ನ ದೇಶದ ಎಂಜಿನ್, ಡಬ್ಬಿ, ವ್ಯಾಗನ್, ಟ್ರಾಮ್‌ಗಳನ್ನು ದಶಕಗಳ ಕಾಲ ಮನೆಯಲ್ಲೇ ಕೂತು ಕೈಯಿಂದ ಕಟ್ಟಿದರು. ಕಾರ್ಖಾನೆಯ ಮೂಲ ನಕ್ಷೆಗಳ ಪರಿಚಯವಿದ್ದ ಕೈಗಳವು. ಅವರ ಸಂಗ್ರಹ ಇಂದು ಡಬ್ಲಿನ್ ಬಳಿಯ ಮಲಹೈಡ್ ಊರಿನ ಕ್ಯಾಸಿನೊ ಎಂಬ ಹಳೆಯ ಹುಲ್ಲುಚಾವಣಿಯ ಮನೆಯಲ್ಲಿ ವಸ್ತುಸಂಗ್ರಹಾಲಯವಾಗಿದೆ. ಇತರ ಕೆಲವರು 21 ಮಿಲಿಮೀಟರ್ ಹಳಿಯನ್ನು ಸ್ಲೀಪರ್ ಸ್ಲೀಪರ್ ಜೋಡಿಸಿ ತಾವೇ ಮಾಡಿಕೊಂಡರು. ಇತ್ತೀಚಿನ ದಶಕಗಳಲ್ಲಿ ಹವ್ಯಾಸಿಗಳ ನಡುವಿನಿಂದಲೇ ಸಣ್ಣ ಐರಿಷ್ ಕಂಪನಿಗಳು ಎದ್ದು ಬಂದು ಸಿಮೆಂಟ್, ಜಲ್ಲಿ, ಅದಿರು ಸಾಗಿಸುವ ತಮ್ಮದೇ ವ್ಯಾಗನ್‌ಗಳ ಮಾದರಿಗಳನ್ನು ಮಾರುಕಟ್ಟೆಗೆ ತಂದವು. ನವನ್ ಪಟ್ಟಣದ ತಾರಾ ಗಣಿಯಿಂದ ಡಬ್ಲಿನ್ ಬಂದರಿಗೆ ಸತುವಿನ ಅದಿರು ಹೊರುವ ಗಾಡಿ ಅಲ್ಲಿನ ಹವ್ಯಾಸಿಗಳ ಅಚ್ಚುಮೆಚ್ಚು.

ಅದಿರಿನ ಗಾಡಿ ನಮಗೇನು ಹೊಸದೇ? ಹೊಸಪೇಟೆ, ತೋರಣಗಲ್ಲು, ಗಿಣಿಗೇರಾದ ಗೂಡ್ಸ್ ಹಳಿಗಳ ಮೇಲೆ ಹಗಲಿರುಳು ನಿಂತು, ಚಲಿಸಿ, ಕೆಂಪು ದೂಳು ಹೊದ್ದುಕೊಂಡೇ ಇರುವ ವ್ಯಾಗನ್‌ಗಳನ್ನು ಕಾಣದವರಾರು? ಆದರೆ ಅಂಥದೊಂದು ವ್ಯಾಗನ್‌ನ ಮಾದರಿ ಬೇಕೆಂದು ಅಂಗಡಿಗೆ ಹೋದರೆ ಜರ್ಮನಿಯದೋ ಅಮೆರಿಕದ್ದೋ ಡಬ್ಬಿ ಸಿಗುತ್ತದೆ. ನಮ್ಮದು ಸಿಗುವುದು ಬಲು ಅಪರೂಪ. ಐರ್ಲೆಂಡ್ ಕಲಿಸುವ ಪಾಠ ಇಲ್ಲಿದೆ: ನಮ್ಮ ರೈಲನ್ನು ಬೇರೆಯವರು ಮಾಡಿಕೊಡುವುದಿಲ್ಲ, ನಾವೇ ಕಟ್ಟಿಕೊಳ್ಳಬೇಕು.

ಡಬ್ಲಿನ್‌ನ ಮೇಯೋ, ಕೊಪ್ಪಳದ ಮೀಟರ್‌ಗೇಜು

ಐರ್ಲೆಂಡಿಗೂ ನಮ್ಮ ಹಳಿಗಳಿಗೂ ಇನ್ನೊಂದು ನಂಟಿದೆ. ಭಾರತಕ್ಕೆ ಐದೂವರೆ ಅಡಿಯ ಅಗಲ ಹಳಿಯನ್ನು ನಿಗದಿ ಮಾಡಿದ್ದು ಗವರ್ನರ್ ಜನರಲ್ ಡಾಲ್‌ಹೌಸಿ. ಆ ಹಳಿಗೆ ತಗಲುವ ಖರ್ಚು ಹೆಚ್ಚೆಂದು 1870ರಲ್ಲಿ ಕಿರಿದಾದ, ಅಗ್ಗದ ಹಳಿಯತ್ತ ತಿರುಗಿದ್ದು ವೈಸ್‌ರಾಯ್ ಲಾರ್ಡ್ ಮೇಯೋ, 1822ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದವನು. ಭಾರತ ಮುಂದೆ ಮೆಟ್ರಿಕ್ ಅಳತೆಗೆ ಬರಲಿದೆ ಎಂಬ ಎಣಿಕೆಯಿಂದ ಆ ಹಳಿಯ ಅಂತರ ಸರಿಯಾಗಿ ಒಂದು ಮೀಟರ್ ಆಯಿತು. 1872ರಲ್ಲಿ ಅಂಡಮಾನಿನಲ್ಲಿ ಮೇಯೋನ ಕೊಲೆಯಾಯಿತು. ಅವನ ಮೀಟರ್‌ಗೇಜು ಮಾತ್ರ ದೇಶದ ತುಂಬ ಹಬ್ಬಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹೊಸಪೇಟೆಯಿಂದ ಕೊಪ್ಪಳದ ಮೇಲೆ ಹಾದು ಗದಗ, ಹುಬ್ಬಳ್ಳಿಗೆ ಹಾಕಿದ್ದೂ ಅದೇ ಹಳಿ.

ಒಂದು ಶತಮಾನ ನಮ್ಮವರು ಓಡಾಡಿದ್ದು ಅದರ ಮೇಲೆ. 1990ರ ದಶಕದಲ್ಲಿ ಈ ಮಾರ್ಗ ಬ್ರಾಡ್‌ಗೇಜ್ ಆದಾಗ ಸಣ್ಣ ಹಳಿ ಕಿತ್ತುಹೋಯಿತು, ಸಣ್ಣ ಡಬ್ಬಿಗಳು ಗುಜರಿಗೆ ಹೋದವು. ಕೊಪ್ಪಳ ಸ್ಟೇಷನ್ನಿನಲ್ಲಿ ನಿಲ್ಲುತ್ತಿದ್ದ ಮೀಟರ್‌ಗೇಜ್ ಪ್ಯಾಸೆಂಜರ್ ಹೇಗಿತ್ತು ಎಂದು ಇಂದಿನ ಹುಡುಗರಿಗೆ ತೋರಿಸಬೇಕೆಂದರೆ ಹಿರಿಯರ ಮಾತು, ಮಾಸಿದ ಒಂದೆರಡು ಫೋಟೊ ಬಿಟ್ಟರೆ ಊರಲ್ಲಿ ಏನಿದೆ? ಮಾದರಿ ಕಟ್ಟುವುದು ಬರಿಯ ಮನರಂಜನೆಯಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ಗುಜರಿಗೆ ಹೋದ ಮೇಲೆ ಉಕ್ಕಿನ ಡಬ್ಬಿ ಮರಳಿ ಬರುವುದಿಲ್ಲ. ಅದರ ಅಳತೆ ಉಳಿದಿದ್ದರೆ ಅಂಗೈ ಮೇಲೆ ಮತ್ತೆ ಕಟ್ಟಬಹುದು.

ಶಾಲೆಯ ಲೆಕ್ಕ ಸಾಕು

ಹೊಸಬರು ಹೆದರುವುದು ಅಳತೆಗೆ. ಎಲ್ಲವನ್ನೂ 87ರಿಂದ ಭಾಗಿಸಬೇಕು ಎಂದರೆ ಯಾರಿಗಾದರೂ ಬೇಸರವೇ. ಭಾರತದ ಬ್ರಾಡ್‌ಗೇಜಿಗೆ ಮಾತ್ರ ಒಂದು ಸೊಗಸಾದ ಅನುಕೂಲವಿದೆ. 1676ನ್ನು ಅಂಗಡಿಯಲ್ಲಿ ಸಿಗುವ 16.5ರಿಂದ ಭಾಗಿಸಿ ನೋಡಿ. 101.6 ಬರುತ್ತದೆ. ಅಂದರೆ 1:100ರ ಪ್ರಮಾಣದಲ್ಲಿ ನಮ್ಮ ರೈಲು ಕಟ್ಟಿದರೆ ಎಚ್‌ಒ ಹಳಿಯ ಮೇಲೆ ಅದು ಹೆಚ್ಚುಕಡಿಮೆ ಕರಾರುವಾಕ್ಕಾಗಿ ಕೂರುತ್ತದೆ. ಐರಿಷ್ ಹವ್ಯಾಸಿಗೆ ತಲೆನೋವಾದ ಹಳಿಯ ಸಮಸ್ಯೆ ಈ ಒಂದೇ ಆಯ್ಕೆಯಿಂದ ನಮಗೆ ಬಗೆಹರಿಯುತ್ತದೆ. ಲೆಕ್ಕವೂ ಸುಲಭ: ಮೀಟರಿಗೊಂದು ಸೆಂಟಿಮೀಟರ್. ಐದನೇ ತರಗತಿಯ ಹುಡುಗಿಯೂ ಪಟ್ಟಿ ಹಿಡಿದು ಮಾಡಬಲ್ಲ ಲೆಕ್ಕ. ಮೇಯೋನ ಮೀಟರ್‌ಗೇಜು ಇದೇ ಪ್ರಮಾಣದಲ್ಲಿ ಸರಿಯಾಗಿ ಒಂದು ಸೆಂಟಿಮೀಟರ್.

ಮೊದಲ ಕೆಲಸಕ್ಕೆ ಗಿಣಿಗೇರಾ ಕಡೆ ದಿನವೂ ಕಾಣುವ ಬಾಕ್ಸ್-ಎನ್ ವ್ಯಾಗನ್ ತಕ್ಕದ್ದು. ಅದಿರು, ಕಲ್ಲಿದ್ದಲು ಹೊರುವ, ಮೇಲೆ ಚಾವಣಿಯಿಲ್ಲದ, ಎತ್ತರ ಗೋಡೆಯ ವ್ಯಾಗನ್ ಅದು. ಹೆಸರಿನಲ್ಲೇ ಅದರ ಕುಲಗೋತ್ರವಿದೆ: ಬಿ ಅಂದರೆ ಬೋಗಿಯದು (ಡಬ್ಬಿಯಲ್ಲ, ಅದರ ಕೆಳಗಿನ ಗಾಲಿಗಳ ಚೌಕಟ್ಟು), ಒ ಅಂದರೆ ತೆರೆದದ್ದು, ಎಕ್ಸ್ ಅಂದರೆ ಎತ್ತರ ಬದಿಯದು, ಎನ್ ಅಂದರೆ ಗಾಳಿ ಬ್ರೇಕಿನದು. ಖಾಲಿ ಇದ್ದಾಗ ತೂಕ 22.47 ಟನ್, ತುಂಬಿದಾಗ 81.28 ಟನ್. ಒಡಲಿನ ಉದ್ದ 9784 ಮಿಲಿಮೀಟರ್, ಕೊಂಡಿಯಿಂದ ಕೊಂಡಿಗೆ 10713, ಅಗಲ 3200, ಹಳಿಯಿಂದ ಎತ್ತರ 3225. ಎರಡು ಬೋಗಿಗಳ ನಡುಬಿಂದುಗಳ ಅಂತರ 6524, ಒಂದೊಂದು ಬೋಗಿಯ ಎರಡು ಅಚ್ಚುಗಳ ಅಂತರ 2000, ಗಾಲಿಯ ವ್ಯಾಸ 1000.

ಕೊನೆಯ ಎರಡು ಅಂಕಿ ಒರೆಸಿ, ಹತ್ತಿರದ ಮಿಲಿಮೀಟರಿಗೆ ಹೊಂದಿಸಿಬಿಡಿ. ಒಡಲು 98 ಮಿಲಿಮೀಟರ್, ಅಗಲ 32, ಎತ್ತರ 32, ಬೋಗಿಗಳ ಅಂತರ 65, ಅಚ್ಚುಗಳ ಅಂತರ 20, ಗಾಲಿ 10. ಅಂಗೈ ಅಗಲದ ವ್ಯಾಗನ್ ನಿಮ್ಮ ಹಾಳೆಯ ಮೇಲೆ ಮೂಡಿತು. ಇಂಥ 58 ವ್ಯಾಗನ್‌ಗಳ ಪೂರ್ತಿ ಗೂಡ್ಸ್ ಗಾಡಿ ಕಟ್ಟಿದರೆ ಎಂಜಿನ್ ಬಿಟ್ಟು ಆರು ಮೀಟರ್ ದಾಟುತ್ತದೆ. ಹತ್ತು ಸಾಕು, ಒಂದು ಮೀಟರಿನ ಹಲಗೆ ತುಂಬುತ್ತದೆ.

ನಿಂತ ವ್ಯಾಗನ್ ಬಳಿ ಟೇಪು ಹಿಡಿದು ಹೋಗಲು ಸಾಧ್ಯವಿಲ್ಲ, ಹೋಗಲೂಬಾರದು. ಹಳಿಗಿಳಿಯುವುದು ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ, ಜೀವಕ್ಕೂ ಅಪಾಯ. ಪ್ಲಾಟ್‌ಫಾರ್ಮಿನ ಮೇಲೇ ನಿಂತು ಅಳೆಯುವ ಉಪಾಯವಿದೆ. ಮುಖ್ಯ ಮಾರ್ಗಗಳಲ್ಲಿ ಕಿಲೋಮೀಟರಿಗೆ 1660 ಕಾಂಕ್ರೀಟ್ ಸ್ಲೀಪರ್‌ಗಳನ್ನು ಹಾಕುವುದು ರೂಢಿ. ಅಂದರೆ ಒಂದರಿಂದ ಒಂದಕ್ಕೆ ಸುಮಾರು 60 ಸೆಂಟಿಮೀಟರ್. ಆಚೆ ಹಳಿಯ ವ್ಯಾಗನ್ನಿನ ಕೆಳಗೆ ಹದಿನೆಂಟು ಸ್ಲೀಪರ್ ಎಣಿಸಿದರೆ ಉದ್ದ ಹತ್ತೂಮುಕ್ಕಾಲು ಮೀಟರಿನ ಆಸುಪಾಸು ಎಂದಾಯಿತು. ಹಳಿಯೇ ಅಳತೆಪಟ್ಟಿಯಾಗುವ ಈ ಬಗೆಯನ್ನು ಕಲಿತವರು ಮುಂದೆ ಯಾವ ಗಾಡಿಯನ್ನೂ ಸುಮ್ಮನೆ ನೋಡಲಾರರು.

ಸಂತೆಪೇಟೆಯಲ್ಲೇ ಸಿಗುವ ಸಾಮಾನು

ವಿದೇಶಿ ಕಿಟ್‌ಗಳಿಗಾಗಿ ಕಾಯಬೇಕಿಲ್ಲ. ಗೋಡೆಗಳಿಗೆ ಫ್ಲೆಕ್ಸ್ ಬ್ಯಾನರ್ ಅಂಗಡಿಗಳಲ್ಲಿ ಉಳಿಯುವ ಸನ್‌ಬೋರ್ಡ್ ಚೂರುಗಳು ಸಾಕು. ಪಟ್ಟಿಗಳಿಗೆ ದಪ್ಪ ಲಗ್ನಪತ್ರಿಕೆಯ ಹಾಳೆ ಅತ್ಯುತ್ತಮ, ಅಂಚು ಗಟ್ಟಿಯಾಗಿ ಕತ್ತರಿಸುತ್ತದೆ. ಸ್ಟೀಲ್ ಪಟ್ಟಿ, ಹೊಸ ಬ್ಲೇಡಿನ ಕಟರ್, ಫೆವಿಕಾಲ್, ಸಣ್ಣ ಉಪ್ಪುಕಾಗದ ಇದ್ದರೆ ಕೆಲಸ ಶುರು. ಬ್ರೇಕಿನ ಕೊಳವೆಗೆ ಊದುಬತ್ತಿಯ ಕಡ್ಡಿ, ಏಣಿಯ ಮೆಟ್ಟಿಲಿಗೆ ತೆಳು ತಾಮ್ರದ ತಂತಿ. ಓಡುವ ಗಾಲಿ ಬೇಕೆಂದರೆ ಮಾತ್ರ ಹಣ ಹಾಕಬೇಕು: ದೊಡ್ಡ ನಗರಗಳ ಹವ್ಯಾಸದ ಅಂಗಡಿಗಳಲ್ಲಿ 10.5 ಮಿಲಿಮೀಟರಿನ ಎಚ್‌ಒ ಗಾಲಿಗಳು ಬಿಡಿಯಾಗಿ ಸಿಗುತ್ತವೆ. ನಿಲ್ಲಿಸಿಡುವ ಮಾದರಿಗಾದರೆ ದಪ್ಪ ಹಾಳೆಯಲ್ಲಿ ಕತ್ತರಿಸಿದ ಗಾಲಿಯೂ ನಡೆಯುತ್ತದೆ.

ಕ್ರಮ ಮುಖ್ಯ. ಮೊದಲು ತಳ, ಆಮೇಲೆ ಎರಡು ತುದಿಗೋಡೆ, ಆಮೇಲೆ ಉದ್ದ ಗೋಡೆಗಳು. ಮೂಲೆ ಲಂಬವಾಗಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿ, ಅಂಟು ಒಣಗುವವರೆಗೆ ಕೈ ಹಚ್ಚಬಾರದು. ಗೋಡೆಯ ಮೇಲಿನ ಉಕ್ಕಿನ ಅಡ್ಡೆಗಳನ್ನು ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ ಒಂದೇ ಅಂತರದಲ್ಲಿ ಅಂಟಿಸುವುದರಲ್ಲೇ ಅರ್ಧ ಸೊಬಗಿದೆ. ಹಳೆಯ ವ್ಯಾಗನ್‌ಗಳ ರಿವೆಟ್ ತೋರಿಸಬೇಕೆಂದರೆ ಮಸಿ ಮುಗಿದ ಬಾಲ್‌ಪೆನ್ನಿನಿಂದ ಹಾಳೆಯ ಹಿಂಬದಿಯಲ್ಲಿ ಒತ್ತಿದರೆ ಮುಂಬದಿಯಲ್ಲಿ ಗುಳ್ಳೆ ಏಳುತ್ತದೆ. ಬಣ್ಣಕ್ಕೆ ಕಿಟಕಿ ಸರಳುಗಳಿಗೆ ಬಳಿಯುವ ರೆಡ್ ಆಕ್ಸೈಡ್ ಛಾಯೆ. ಅದರ ಮೇಲೆ ನಮ್ಮ ನೆಲದ ಕೆಮ್ಮಣ್ಣನ್ನೇ ವಸ್ತ್ರಗಾಳಿ ಮಾಡಿ ಒಣ ಕುಂಚದಿಂದ ಉಜ್ಜಿದರೆ, ಯಾವ ಪರದೇಶದ ಬಣ್ಣದ ಡಬ್ಬಿಯೂ ಕೊಡದ ನಿಜವಾದ ಅದಿರಿನ ದೂಳು ಕೂರುತ್ತದೆ.

ಕೊನೆಗೆ ಅಂಕಿಗಳು. ವ್ಯಾಗನ್ನಿನ ಮೇಲೆ ಬರೆದ ಹನ್ನೊಂದು ಅಂಕಿಗಳಲ್ಲಿ ಮೊದಲ ಎರಡು ಅದರ ಬಗೆಯನ್ನು, ಮುಂದಿನ ಎರಡು ಅದು ಯಾವ ರೈಲ್ವೆ ವಲಯದ್ದು ಎಂಬುದನ್ನು, ಆಮೇಲಿನ ಎರಡು ತಯಾರಾದ ವರ್ಷವನ್ನು ಹೇಳುತ್ತವೆ. ನಂತರದ ನಾಲ್ಕು ಅದರ ಸ್ವಂತ ಸಂಖ್ಯೆ. ಹನ್ನೊಂದನೆಯದು ಉಳಿದ ಅಂಕಿಗಳು ಸರಿಯಿವೆಯೇ ಎಂದು ತಾಳೆ ನೋಡುವ ಅಂಕಿ. ಇಷ್ಟು ತಿಳಿದ ಹುಡುಗ ಗೇಟಿನಲ್ಲಿ ನಿಂತಾಗ ಹಾದುಹೋಗುವ ಗೂಡ್ಸ್ ಗಾಡಿಯನ್ನು ಓದತೊಡಗುತ್ತಾನೆ. ಇದು ಎಷ್ಟು ವರ್ಷದ ವ್ಯಾಗನ್, ಯಾವ ವಲಯದಿಂದ ಬಂದದ್ದು ಎಂದು ಅಪ್ಪನಿಗೆ ಹೇಳುತ್ತಾನೆ. ಗಣಿತ, ಭೂಗೋಳ, ಕೈಕೆಲಸ ಮೂರೂ ಒಂದೇ ಮೇಜಿನ ಮೇಲೆ ಬಂದು ಕೂರುವ ಇಂಥ ಕಲಿಕೆ ವಿರಳ.

ಕಿನ್ನಾಳದ ಕೈಗಳು

ಕೊಪ್ಪಳಕ್ಕೆ ಹತ್ತಿರದ ಕಿನ್ನಾಳವನ್ನು ಬಿಟ್ಟು ಈ ಮಾತು ಮುಗಿಯುವುದಿಲ್ಲ. ಅಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ತುಂಡುಗಳನ್ನು ಕೂಡಿಸಿ, ಸೆಣಬಿನ ಪುಡಿ ಬೆರೆಸಿದ ಕಿಟ್ಟವನ್ನು ಮೆತ್ತಿ ಮೈ ನಯ ಮಾಡಿ, ಬಣ್ಣ ಏರಿಸುತ್ತ ಬಂದಿವೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಕಲೆ ಇದು. ದೇವರ ಮೂರ್ತಿ, ಗೌರಿ, ಪ್ರಾಣಿ, ಹಣ್ಣುಗಳ ಲೋಕ ಅವರದು. ಆಟಿಕೆಗೂ ಮಾದರಿಗೂ ವ್ಯತ್ಯಾಸವಿದೆ. ಆಟಿಕೆಯ ಗಾತ್ರ ಕಲ್ಪನೆಯ ಮಾತು ಕೇಳುತ್ತದೆ, ಮಾದರಿ ಅಳತೆಯ ಮಾತು ಕೇಳುತ್ತದೆ. ಆದರೆ ಮರವನ್ನು ತೆಳುವಾಗಿ ಸೀಳುವ, ಬಿರುಕಿಲ್ಲದಂತೆ ಕೂಡಿಸುವ, ಕುಂಚದ ತುದಿಯಿಂದ ಕೂದಲೆಳೆಯ ಗೆರೆ ಎಳೆಯುವ ಕೈಚಳಕ ಎರಡಕ್ಕೂ ಒಂದೇ. ನಕ್ಷೆಯೊಂದನ್ನು ಆ ಕೈಗಳ ಮುಂದಿಟ್ಟರೆ ಕಿನ್ನಾಳದ ಮರದ ವ್ಯಾಗನ್, ಕಿನ್ನಾಳದ ರೈಲು ಡಬ್ಬಿ ಏಕೆ ಹುಟ್ಟಬಾರದು? ರೈಲ್ವೆಯವರ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆಯಲ್ಲಿ ಸ್ಥಳೀಯ ಕುಸುರಿಗೆ ನಿಲ್ದಾಣದಲ್ಲೇ ಮಳಿಗೆ ಸಿಗುತ್ತದೆ. ತಾನು ಈಗಷ್ಟೇ ಇಳಿದ ಡಬ್ಬಿಯ ಪುಟ್ಟ ರೂಪವನ್ನು ಪ್ರಯಾಣಿಕ ಅಲ್ಲಿಯೇ ಕೊಂಡು ಮನೆಗೆ ಒಯ್ಯಬಹುದು. ಇದು ಕುಶಲಕರ್ಮಿಗಳ ಸಂಸಾರಕ್ಕೂ ಒಂದು ಹೊಸ ದಾರಿ.

ನೋಡಿ ಕಲಿಯುವ ಜಾಗಗಳೂ ದೂರವಿಲ್ಲ. ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯಕ್ಕೆ ಇಂದು ಕುಷ್ಟಗಿಯಿಂದ ರೈಲಿನಲ್ಲೇ ಹೋಗಬಹುದು. ಮೈಸೂರಿನಲ್ಲಿ 1979ರಿಂದ ಇರುವ ಸಂಗ್ರಹಾಲಯದಲ್ಲಿ ಹಳೆಯ ಎಂಜಿನ್‌ಗಳೂ ಮಹಾರಾಣಿಯವರ ಸಲೂನ್ ಡಬ್ಬಿಯೂ ಇವೆ. ಅಲ್ಲಿ ಹತ್ತಿರ ಹೋಗಿ, ಬಗ್ಗಿ, ಕೆಳಗಿನ ಕೊಳವೆ, ಸ್ಪ್ರಿಂಗ್‌ಗಳನ್ನು ಕಣ್ತುಂಬ ಗಮನಿಸಬಹುದು. ಕಿರುರೈಲುಗಳ ಪೂರ್ಣ ಪ್ರಪಂಚ ಕಾಣಬೇಕೆಂದರೆ ಪುಣೆಗೆ ಹೋಗಬೇಕು. ಬಿ.ಎಸ್. ಜೋಶಿ ಎಂಬ ಹವ್ಯಾಸಿ ಕಟ್ಟಿದ, 1998ರಲ್ಲಿ ಸಾರ್ವಜನಿಕರಿಗೆ ತೆರೆದ ಜೋಶಿ ಕಿರುರೈಲು ಸಂಗ್ರಹಾಲಯದಲ್ಲಿ ಒಂದು ನಗರವೇ ಮೇಜಿನ ಮೇಲೆ ಓಡಾಡುತ್ತದೆ. ಒಬ್ಬನ ಹವ್ಯಾಸ ಊರಿನ ಆಸ್ತಿಯಾಗುವುದು ಹೇಗೆ ಎಂಬುದಕ್ಕೆ ಮಲಹೈಡ್ ಒಂದು ಸಾಕ್ಷಿಯಾದರೆ ಪುಣೆ ಇನ್ನೊಂದು.

ಅಳೆಯಲು ಸಿಗುವಾಗಲೇ

ಇದಕ್ಕೆ ಆತುರ ಏಕೆ ಎಂದು ಕೇಳಬಹುದು. ಮೀಟರ್‌ಗೇಜಿನಲ್ಲಿ ಆದದ್ದೇ ನಮ್ಮ ಕಣ್ಣೆದುರು ಮತ್ತೆ ಆಗುತ್ತಿದೆ. ಚೆನ್ನೈನ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 1955ರಿಂದ ತಯಾರಿಸುತ್ತ ಬಂದ, ಮೂರು ತಲೆಮಾರುಗಳನ್ನು ಹೊತ್ತು ತಿರುಗಿದ ಐಸಿಎಫ್ ಮಾದರಿಯ ಡಬ್ಬಿಯ ಉತ್ಪಾದನೆ 2018ರಲ್ಲಿ ನಿಂತಿತು. ಅದರ ಜಾಗಕ್ಕೆ ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಡಬ್ಬಿಗಳು ಬರುತ್ತಿವೆ. ಹಳೆಯದರ ಒಡಲು 21.3 ಮೀಟರ್, ಹೊಸದರದ್ದು 23.5 ಮೀಟರ್. ನಮ್ಮ ಪ್ರಮಾಣದಲ್ಲಿ 213 ಮಿಲಿಮೀಟರ್ ಮತ್ತು 235 ಮಿಲಿಮೀಟರ್. ಎರಡನ್ನೂ ಕಟ್ಟಿ ಪಕ್ಕಪಕ್ಕ ಇಟ್ಟರೆ ದೇಶದ ರೈಲು ಬದಲಾದ ಬಗೆ ಮಗುವಿಗೂ ತಿಳಿಯುತ್ತದೆ. ಸರಳು ಹಾಕಿದ ಕಿಟಕಿಯ ಆ ನೀಲಿ ಡಬ್ಬಿ ಇನ್ನೆಷ್ಟು ವರ್ಷ ಹಳಿಯ ಮೇಲಿದ್ದೀತು?

ಹಾಗಾಗಿ ಕೊಪ್ಪಳ ಜಿಲ್ಲೆಯ ಶಾಲೆಗಳ ಮುಂದೆ ಒಂದು ಸರಳ ಬೇಡಿಕೆ. ಪ್ರತಿ ಶಾಲೆ ಈ ವರ್ಷ ಒಂದೇ ಒಂದು ಡಬ್ಬಿಯನ್ನೋ ವ್ಯಾಗನ್ನನ್ನೋ 1:100ರಲ್ಲಿ ಕಟ್ಟಲಿ. ಕಾರಟಗಿ, ಗಂಗಾವತಿಯ ಮಕ್ಕಳು ಅಕ್ಕಿ ಮೂಟೆ ಹೊರುವ ಮುಚ್ಚಿದ ವ್ಯಾಗನ್ ಆರಿಸಿಕೊಳ್ಳಲಿ. ಗಿಣಿಗೇರಾ, ಮುನಿರಾಬಾದಿನವರು ಅದಿರಿನ ಬಾಕ್ಸ್-ಎನ್ ಕಟ್ಟಲಿ. ಕುಷ್ಟಗಿ, ಯಲಬುರ್ಗಾದವರು ತಮ್ಮ ಊರಿಗೆ ಬಂದ ಗಾಡಿಯ ಡಬ್ಬಿ ಕಟ್ಟಲಿ. ಕೊಪ್ಪಳದ ಹಿರಿಯರು ಮೀಟರ್‌ಗೇಜಿನ ನೆನಪು, ಹಳೆಯ ಫೋಟೊ ಹೊರತೆಗೆದು ಮಕ್ಕಳ ಕೈಗಿಡಲಿ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ 3ಡಿ ಪ್ರಿಂಟರಿನಿಂದ ಬೋಗಿ, ಗಾಲಿಗಳನ್ನು ತೆಗೆದು ಉಳಿದ ಶಾಲೆಗಳಿಗೂ ಹಂಚಬಹುದು. ಎಲ್ಲರ ಅಳತೆ ಒಂದೇ ಆದ್ದರಿಂದ, ಬೇರೆ ಬೇರೆ ಊರಿನಲ್ಲಿ ಹುಟ್ಟಿದ ಡಬ್ಬಿಗಳು ವರ್ಷದ ಕೊನೆಗೆ ಒಂದೇ ಹಳಿಯ ಮೇಲೆ ಒಂದೇ ಗಾಡಿಯಾಗಿ ಕೊಂಡಿ ಹಾಕಿಕೊಳ್ಳುತ್ತವೆ.

ಖರ್ಚು ಸನ್‌ಬೋರ್ಡಿನ ಚೂರುಗಳದ್ದು, ಅಂಟಿನದ್ದು. ಬೇಕಾದದ್ದು ತಾಳ್ಮೆ ಮತ್ತು ತನ್ನ ಊರಿನದ್ದನ್ನು ಅಳೆದು ನೋಡುವ ಅಕ್ಕರೆ. ಐರ್ಲೆಂಡಿನವರು ತಮ್ಮ ರೈಲನ್ನು ಬೇರೆಯವರ ಕಾರ್ಖಾನೆಗೆ ಬಿಟ್ಟಿದ್ದರೆ ಇಂದಿಗೂ ಬ್ರಿಟಿಷ್ ಡಬ್ಬಿಗೆ ಬಣ್ಣ ಬಳಿಯುತ್ತ ಕೂತಿರುತ್ತಿದ್ದರು. ಅವರು ಅಳೆದರು, ಕತ್ತರಿಸಿದರು, ಕಟ್ಟಿದರು. ನಮ್ಮ ಹಳಿ ಅವರದಕ್ಕಿಂತ ಅಗಲ, ನಮ್ಮ ಲೆಕ್ಕ ಅವರದಕ್ಕಿಂತ ಸುಲಭ. ಕಟ್ಟಲು ನಮಗಿರುವ ಅಡ್ಡಿಯಾದರೂ ಏನು?